ಹನ್ನೊಂದೂ ನಲವತ್ತು

ನಮ್ಮ ದ್ವೀಪದಲ್ಲಿ ಹೆರಿಗೆ ಆಸ್ಪತ್ರೆಯಿಲ್ಲ.
ದೀಪಸ್ತಂಭವಿದೆ, ಚರ್ಚುಗಳಿವೆ,
ಹೆರಿಂಗ್ ಮೀನು ಹೊಗೆಗಿಡುವ ಹಳೇ ಕೊಟ್ಟಿಗೆಗಳಿವೆ.
ನೋವು ಬಂದವಳು ಸೇತುವೆ ದಾಟಬೇಕು.
ಆಚೆಗೆ ಅಮೆರಿಕ,
ನೀರು ತಣ್ಣಗಿದ್ದ ದಿನ ಅವರ ನಾಯಿ ಬೊಗಳಿದ್ದು ಕೇಳುತ್ತದೆ.

ಹಾಗೆ ದಾಟಿದಳು ಅಮ್ಮ, ಮಾರ್ಚಿ ಮೂರನೇ ತಾರೀಖು,
ಅಪ್ಪನ ಪಿಕಪ್ಪಿನಲ್ಲಿ, ಕಾಲಡಿ ಒದ್ದೆ ಹಗ್ಗದ ಸುರುಳಿ.
ಗಡಿ ಕಾಯುವವನು ಟಾರ್ಚು ಬಿಟ್ಟು ಕೇಳಿದನಂತೆ:
ಎಷ್ಟು ಜನ?
ಹೋಗುವಾಗ ಇಬ್ಬರು, ಬರುವಾಗ ಮೂವರು, ಅಂದನಂತೆ ಅಪ್ಪ.
ಸಾಯುವತನಕ ಈ ಕಥೆ ಹೇಳಿದ.
ಹೇಳಿದಷ್ಟೂ ಆ ಗಡಿಯವನ ಮೀಸೆ ಉದ್ದವಾಯಿತು.

ನಾನು ಹುಟ್ಟಿದ್ದು ರಾತ್ರಿ ಹನ್ನೊಂದೂ ನಲವತ್ತಕ್ಕೆ.
ಆಸ್ಪತ್ರೆಯ ಗೋಡೆಯ ಮಾತು ಅದು.
ಅಪ್ಪನ ಮಣಿಕಟ್ಟಿನಲ್ಲಿ ಆಗಲೇ ಮರುದಿನ,
ಸೇತುವೆಯ ಈಚೆ ನಾವು ಒಂದು ಗಂಟೆ ಮುಂದೆ.
ಕಾಗದದಲ್ಲಿ ನಾನು ಮೂರನೇ ತಾರೀಖಿನವಳು,
ಅಮ್ಮನ ಕೇಕಿನಲ್ಲಿ ನಾಲ್ಕನೆಯದರವಳು.
ಅಲ್ಲಿ ನೆಲಕ್ಕೆ ಬಿದ್ದೆನೆಂದು ಅವರವಳು,
ಹೆತ್ತವರು ಇಲ್ಲಿಯವರೆಂದು ಇವರವಳು.
ಆರಿಸಿಕೋ ಎಂದು ಯಾರೂ ಅನ್ನಲಿಲ್ಲ,
ಎರಡು ಸರ್ಕಾರಗಳೂ ಸುಮ್ಮನೆ ತಲೆಯಾಡಿಸಿದವು.

ಅಣ್ಣ ಡೆಲ್ಬರ್ಟ್ ಬಂದದ್ದು ಹಿಮಗಾಳಿಯಲ್ಲಿ.
ಸೇತುವೆ ಮುಚ್ಚಿತ್ತು. ಅಡಿಗೆಮನೆಯ ಮೇಜು,
ಪಕ್ಕದ ಮನೆಯ ಮುದುಕಿ, ಕಾಯಿಸಿದ ನೀರು.
ಒಂದೇ ಹೊಟ್ಟೆ; ಅವನಿಗೊಂದು ದೇಶ, ನನಗೆರಡು.
ಜಗಳವಾದಾಗ 'ಏ ಅಮೆರಿಕ' ಅನ್ನುತ್ತಿದ್ದ,
ನಾನು ಅವನ ಬನ್ನು ಕಸಿದು ತಿನ್ನುತ್ತಿದ್ದೆ.

ಬಿಸ್ಕತ್ತಿನ ಡಬ್ಬಿಯಲ್ಲಿ ಎರಡು ಪಾಸ್‌ಪೋರ್ಟು,
ಎರಡೂ ನೀಲಿ.
ಒಂದರ ಮೇಲೆ ಹದ್ದು,
ಇನ್ನೊಂದರ ಮೇಲೆ ಸಿಂಹ, ಜೊತೆಗೆ ಒಂಟಿಕೊಂಬಿನ ಕುದುರೆ.
ಹದ್ದಿನೂರಿಗೆ ಹದ್ದು ತೋರಿಸಿ ಹೋಗಬೇಕು, ಅದು ಅವರ ಕಟ್ಟಳೆ.
ಮರೆತು ಕುದುರೆ ತೋರಿಸಿದ ದಿನ
ನನ್ನ ಶಾಲೆಯಲ್ಲೇ ಓದಿದ್ದ ಹುಡುಗ ಗದರಿದ:
ವರ್ನಾ, ನೀನು ಇಲ್ಲಿ ಅತಿಥಿಯಲ್ಲ.

ಐವತ್ತು ದಾಟಿದ ಮೇಲೆ ಬ್ಯಾಂಕಿನಿಂದ ಕಾಗದ:
ನೀವು ಅಮೆರಿಕದಲ್ಲಿ ಹುಟ್ಟಿದವರೇ? ಹೌದು. ಇಲ್ಲ.
ಎರಡು ಚೌಕ, ಇರುವೆ ಕೂರುವಷ್ಟು.
ಲೆಕ್ಕಿಗ ಓರಿನ್ ಮ್ಯಾಗೀ ಕನ್ನಡಕ ಒರೆಸುತ್ತ ಹೇಳಿದ:
ಬೇರೆಯವರು ನೀನೆಲ್ಲಿದ್ದೀ ಅಂತ ನೋಡಿ ತೆರಿಗೆ ಕೇಳುತ್ತಾರೆ,
ಅವರು ನೀನು ಯಾರು ಅಂತ ನೋಡಿ ಕೇಳುತ್ತಾರೆ.
ಮೂವತ್ತು ವರ್ಷ ಮೀನಿನ ಡಬ್ಬಿ ತುಂಬಿದ ಕೂಲಿ,
ಗಂಡನ ಜೊತೆಗಿನ ಖಾತೆ, ಸತ್ತ ಅತ್ತೆಯ ಸೇವಿಂಗ್ಸು,
ಎಲ್ಲ ಬರೆದೆ.
ಕಟ್ಟಬೇಕಾದ್ದು ಸೊನ್ನೆ.
ಆ ಸೊನ್ನೆಯನ್ನು ಹೇಳುವುದಕ್ಕೆ ಇಪ್ಪತ್ತೊಂದು ಪುಟ.

ಬಿಟ್ಟುಬಿಡು, ಅಂದ ಓರಿನ್.
ದೂತಾವಾಸದಲ್ಲಿ ಕೈ ಎತ್ತಿ ಒಲ್ಲೆ ಅಂದರಾಯಿತು.
ಬಿಡುವುದಕ್ಕೂ ಶುಲ್ಕವಿದೆ.
ಹುಟ್ಟುವಾಗ ಯಾರೂ ಕಾಸು ಕೇಳಿರಲಿಲ್ಲ.

ಎರಡು ದೋಣಿಯಲ್ಲಿ ಕಾಲಿಟ್ಟವರು ಮುಳುಗುತ್ತಾರಂತೆ.
ಈ ಗಾದೆ ಮಾಡಿದವರು ನಮ್ಮ ಕಟ್ಟೆಗೆ ಬಂದವರಲ್ಲ.
ಇಲ್ಲಿ ದೋಣಿಗೆ ದೋಣಿ ಬಿಗಿದಿರುತ್ತಾರೆ,
ನಮ್ಮದನ್ನು ಹತ್ತಬೇಕಾದರೆ ಪಕ್ಕದವನದನ್ನು ತುಳಿದೇ ಹೋಗಬೇಕು.
ಡೆಲ್ಬರ್ಟ್ ಬಲೆಗೂಡು ಇಳಿಸುವುದು ಎರಡೂ ದೇಶ
ನಮ್ಮದೆನ್ನುವ ನೀರಿನಲ್ಲಿ.
ಅಂಗೈ ಅಳತೆ ಮೀರಿದ ಲಾಬ್ಸ್ಟರನ್ನು
ಮೈನ್ ರಾಜ್ಯದವರು ಅಳೆದು, ಬೈದು, ನೀರಿಗೆ ಬಿಡುತ್ತಾರೆ.
ಅದೇ ಲಾಬ್ಸ್ಟರ್ ಇವನ ಗೂಡಿಗೆ ನಡೆದು ಬಂದರೆ ಊಟ.
ಅದಕ್ಕೆ ಯಾರೂ ಕಾಗದ ಬರೆದಿಲ್ಲ.

ಒಲ್ಲೆ ಅನ್ನುವ ಅರ್ಜಿ ಮೇಜಿನ ಮೇಲಿದೆ,
ಅವನು ಹುಟ್ಟಿದ ಅದೇ ಮೇಜು.
ಪೆನ್ನೂ ಇದೆ, ಚಹಾ ಆರಿದೆ.
ಮಧ್ಯರಾತ್ರಿ ದಾಟಿ ಇಪ್ಪತ್ತಕ್ಕೆ ಫೋನು.
ಪ್ರತಿ ವರ್ಷದ ಅದೇ ತಮಾಷೆ, ಅದೇ ಕೆಮ್ಮು:
ಏನೇ, ಹುಟ್ಟಿದೆಯಾ, ಇನ್ನೂ ಇಲ್ಲವಾ?
ಕಿಟಕಿಯಾಚೆ ನೋಡಿದೆ. ಆಚೆ ದಡದ ದೀಪಗಳು
ಇನ್ನೂ ನಿನ್ನೆಯಲ್ಲೇ ಉರಿಯುತ್ತಿದ್ದವು.
ತಾಳೋ, ಅಂದೆ.
ಇನ್ನೂ ಇಪ್ಪತ್ತು ನಿಮಿಷ ಇದೆ.